ಉಜ್ಜಬೇಡಿ, ಮೊದಲು ಓದಿ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಗುಡಿಸಿದರೆ, ಟ್ರಂಕಿನ ತಳ ತಡವಿದರೆ, ಕಾಸಿನದೊಂದು ಗಂಟು ಸಿಕ್ಕೇ ಸಿಗುತ್ತದೆ. ನಡುವೆ ದೊಡ್ಡ ತೂತಿರುವ 1943ರ ಕಾಸು, ಅಂಚು ಅಲೆಅಲೆಯಾಗಿರುವ ಒಂದಾಣೆ, ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಪುಣ್ಯವಿದ್ದರೆ ಟಿಪ್ಪುವಿನ ಆನೆ ಇರುವ ತಾಮ್ರದ ಪೈಸೆ. ಗಂಟು ಬಿಚ್ಚುತ್ತಿದ್ದಂತೆ ಮನೆಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ಹಿರಿಯರು ಹುಣಸೆಹಣ್ಣು ನೆನೆಹಾಕುತ್ತಾರೆ, ಕಿರಿಯರು ಮೊಬೈಲ್ ತೆಗೆದು ಬೆಲೆ ಹುಡುಕುತ್ತಾರೆ. ಎರಡನ್ನೂ ಸ್ವಲ್ಪ ತಡೆಯಿರಿ ಎಂದು ಹೇಳಬೇಕಾಗಿದೆ.

ಹುಣಸೆಹಣ್ಣಿನ ಮಾತು ಮೊದಲು. ತಾಮ್ರದ ಕಾಸಿನ ಮೇಲೆ ನೂರಾರು ವರ್ಷದಲ್ಲಿ ಕಟ್ಟಿಕೊಂಡ ಆ ಕಂದು ಪದರ ಕೊಳೆಯಲ್ಲ. ಅದು ಲೋಹದ್ದೇ ಚರ್ಮ. ಹುಳಿ ಹಚ್ಚಿ ತಿಕ್ಕಿದರೆ ಪದರ ಹೋಗುತ್ತದೆ, ಜೊತೆಗೆ ಅಕ್ಷರದ ಏರುತಗ್ಗೂ ಸವೆಯುತ್ತದೆ. ದೇವರ ಮನೆಯ ತಂಬಿಗೆಗೆ ಆ ಹೊಳಪು ಚೆಂದ. ನಾಣ್ಯ ಸಂಗ್ರಹಿಸುವವರು ಮಾತ್ರ ಭೂತಗನ್ನಡಿಯಲ್ಲಿ ತಿಕ್ಕಿದ ಗೆರೆ ಕಂಡೊಡನೆ ಅದನ್ನು ಪಕ್ಕಕ್ಕಿಡುತ್ತಾರೆ. ಬೆಲೆ ಅರ್ಧಕ್ಕಿಂತ ಕೆಳಗಿಳಿದರೂ ಆಶ್ಚರ್ಯವಿಲ್ಲ. ಬೆಳ್ಳಿ ರೂಪಾಯಿಗೆ ಹಲ್ಲುಪುಡಿ, ವಿಭೂತಿ ಹಚ್ಚುವುದೂ ಅಷ್ಟೇ ಕೆಟ್ಟದ್ದು.

ಇನ್ನು ಮೊಬೈಲು. ಅಲ್ಲಿ ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಕೇಳುವವರಿದ್ದಾರೆ, 786 ಅಂಕೆಯ ನೋಟಿಗೆ ಅದಕ್ಕಿಂತ ಹೆಚ್ಚು ಕೇಳುವವರಿದ್ದಾರೆ. ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ! ವೈಷ್ಣೋದೇವಿ ನಾಣ್ಯ 2012ರಲ್ಲಿ ಚಲಾವಣೆಗೆಂದೇ ಬಂದದ್ದು, ಸಂತೆಯಲ್ಲಿ ಕೈಬದಲಾಗಿ ಓಡಾಡಿದ್ದು. ಒಂದು ವಸ್ತುವಿಗೆ ಯಾರೋ ಎಷ್ಟು ಕೇಳಿದರು ಎಂಬುದು ಬೆಲೆಯಾಗುವುದಿಲ್ಲ. ಇನ್ನೊಬ್ಬರು ಎಷ್ಟು ಎಣಿಸಿ ಕೊಟ್ಟರು ಎಂಬುದೇ ಬೆಲೆ. ಬೆಂಗಳೂರು, ಮುಂಬೈಗಳ ಹರಾಜು ಸಂಸ್ಥೆಗಳು ಮುಗಿದ ಹರಾಜಿನ ಫಲಿತಾಂಶಗಳನ್ನು ಜಾಲತಾಣದಲ್ಲೇ ಇಡುತ್ತವೆ. ನಿಮ್ಮಲ್ಲಿರುವಂಥದೇ ನಾಣ್ಯ, ಅಷ್ಟೇ ಸವೆತದ್ದು, ಎಷ್ಟಕ್ಕೆ ಹೋಯಿತೆಂದು ಅಲ್ಲಿ ನೋಡಿದರೆ ತಲೆ ತಣ್ಣಗಾಗುತ್ತದೆ. ಹಳೆಯದೆಲ್ಲ ದುಬಾರಿ ಎಂಬ ನಂಬಿಕೆಯೂ ಅಲ್ಲಿಗೆ ಬಿಡುತ್ತದೆ. ಸಾವಿರ ವರ್ಷ ದಾಟಿದ ತಾಮ್ರದ ಕಾಸು ಕೆಲವು ನೂರು ರೂಪಾಯಿಗೆ ಸಿಗುವುದುಂಟು, ಏಕೆಂದರೆ ಅಂಥವು ರಾಶಿರಾಶಿಯಾಗಿ ಉಳಿದಿವೆ.

ಹಾಗಾದರೆ ದುಬಾರಿ ಯಾವುದು? ಇಲ್ಲೊಂದು ಕಥೆ ಹೇಳಲೇಬೇಕು. ಐದನೆಯ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ 1911ರಲ್ಲಿ ಹೊಸ ರೂಪಾಯಿ ಅಚ್ಚಾಯಿತು. ದೊರೆಯ ನಿಲುವಂಗಿಯ ಮೇಲೆ ಆನೆಯ ಪುಟ್ಟ ಚಿತ್ರ. ಕೆತ್ತಿದವರು ಸೊಂಡಿಲನ್ನು ಮೋಟು ಮಾಡಿಬಿಟ್ಟಿದ್ದರು, ಕಾಲೂ ಗಿಡ್ಡ. ಜನ ಅದನ್ನು ಹಂದಿ ಎಂದರು. ಮುಸ್ಲಿಮರಿಗೂ ಹಿಂದೂಗಳಿಗೂ ಒಪ್ಪಿಗೆಯಾಗಲಿಲ್ಲ, ಗದ್ದಲವೆದ್ದಿತು. ಸರ್ಕಾರ ನಾಣ್ಯ ಹಂಚುವುದನ್ನು ನಿಲ್ಲಿಸಿ ಖಜಾನೆಯಲ್ಲಿದ್ದುದನ್ನು ಕರಗಿಸಿತು. 1912ರಿಂದ ಉದ್ದ ಸೊಂಡಿಲಿನ ಆನೆ ಬಂತು. ಹೀಗಾಗಿ ಒಂದೇ ದೊರೆ, ಒಂದೇ ಬೆಳ್ಳಿ, ಒಂದೇ ತೂಕ. 1911ರದು ಮಾತ್ರ ಅಕ್ಕಪಕ್ಕದ ಇಸವಿಗಳಿಗಿಂತ ತುಟ್ಟಿ. 1939ರ ಬೆಳ್ಳಿ ರೂಪಾಯಿಯದೂ ಇಂಥದೇ ದಾರಿ. ಅದಕ್ಕೇ ಇಸವಿಯ ಕೊನೆಯ ಅಂಕಿಯನ್ನು ತಿದ್ದಿ 1939 ಎಂದು ಮಾರುವವರು ಹುಟ್ಟಿಕೊಂಡರು. ಆ 9ನ್ನು ಭೂತಗನ್ನಡಿಯಲ್ಲಿ ನೋಡದೆ ಕೊಳ್ಳಬಾರದು.

ತಕ್ಕಡಿ ಸುಳ್ಳು ಹೇಳುವುದಿಲ್ಲ. 1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿ ಹೊಸದಾಗಿದ್ದಾಗ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ಕ್ಕೆ ನಿಕ್ಕಲ್ ಆಯಿತು. ಅಕ್ಕಸಾಲಿಗರ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಈಗ ಕಡಿಮೆ ದುಡ್ಡಿಗೆ ಸಿಗುತ್ತದೆ. ಬೆಳ್ಳಿ ರೂಪಾಯಿಯ ತೂಕ ಗ್ರಾಂಗಟ್ಟಲೆ ತಪ್ಪಿದರೆ, ಅದು ಆಯಸ್ಕಾಂತಕ್ಕೆ ಅಂಟಿದರೆ, ಅಂಚಿನಲ್ಲಿ ಎರಕದ ಗೆರೆ ಕಂಡರೆ ಅದು ಖೋಟಾ. ರಾಮ, ಹನುಮ, ಲಕ್ಷ್ಮಿಯರ ಚಿತ್ರದ ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಅರ್ಧಾಣೆಗೆ ತಕ್ಕಡಿಯೂ ಬೇಡ. ಕಂಪನಿ ಅಂಥ ನಾಣ್ಯ ಅಚ್ಚು ಹಾಕಿಯೇ ಇಲ್ಲ. ಅಕ್ಕಿಕಾಳನ್ನು ಸೆಳೆಯುವ ಕಾಸೆಂದು ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಎಷ್ಟೋ ಮನೆಗಳನ್ನು ಮುಳುಗಿಸಿದ್ದು ಈ ಬಗೆಯ ಬಿಲ್ಲೆ, ಪಾತ್ರೆಗಳೇ.

ವಿಕ್ಟೋರಿಯಾ ರೂಪಾಯಿಗಳಲ್ಲಿ 1862ರದು ನನಗೆ ಬಲು ಇಷ್ಟ. ಆ ಇಸವಿಯನ್ನು ಬದಲಿಸದೆ 1874ರವರೆಗೂ ಅಚ್ಚು ಹಾಕಿದರು. ನಿಜವಾದ ವರ್ಷದ ಗುರುತಾಗಿ ಮುಂಬೈ ಟಂಕಸಾಲೆಯವರು ಇಸವಿಯ ಹತ್ತಿರ ಚುಕ್ಕಿಗಳನ್ನಿಟ್ಟರು. ಮಧ್ಯಾಹ್ನದ ಬೆಳಕಿನಲ್ಲಿ ಕಿಟಕಿಯ ಬಳಿ ಕೂತು ಆ ಚುಕ್ಕಿ ಎಣಿಸುವ ಸುಖ ಬೇರೆ.

ಆದರೂ ಟಿಪ್ಪುವಿನ ಪೈಸೆಯ ಮುಂದೆ ಉಳಿದುವೆಲ್ಲ ಸಪ್ಪೆ. ಒಂದು ಬದಿ ಆನೆ: ಕೆಲವದರಲ್ಲಿ ಬಲಕ್ಕೆ ಮುಖ, ಕೆಲವದರಲ್ಲಿ ಎಡಕ್ಕೆ, ಸೊಂಡಿಲು ಒಂದರಲ್ಲಿ ಮೇಲೆ, ಒಂದರಲ್ಲಿ ಕೆಳಗೆ, ಕೆಲವದರಲ್ಲಿ ಬೆನ್ನ ಹಿಂದೆ ಬಾವುಟ. ಇನ್ನೊಂದು ಬದಿ ಪಾರ್ಸಿಯಲ್ಲಿ ಟಂಕಸಾಲೆಯ ಊರು. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರುಖ್‌ಯಾಬ್ ಹಿಸಾರ್ ಎಂದರೆ ನಮ್ಮ ಚಿತ್ರದುರ್ಗ. ಪೈಸೆಗಳಿಗೆ ಆಕಾಶದ ಹೆಸರು: ಪೈಸೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್ ಅಂದರೆ ಮಂಗಳ. ಟಿಪ್ಪು ಬಳಕೆಗೆ ತಂದ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದ ಮಾರಾಟಗಾರರು 1224 ಎನ್ನುವುದನ್ನು 4221 ಎಂದು ಜಾಹೀರಾತಿನಲ್ಲಿ ಬರೆಯುವುದುಂಟು! ಪಟ್ಟಣದ ಪೈಸೆಗಳು ಬೇಕಾದಷ್ಟಿವೆ. ಸಣ್ಣ ಟಂಕಸಾಲೆಗಳವು ಕಡಿಮೆ. ಅಂದರೆ ಬೆಲೆ ಕೂತಿರುವುದು ಆನೆಯ ಬದಿಯಲ್ಲಲ್ಲ, ಬಹುಪಾಲು ಜನ ತಿರುಗಿಸಿಯೂ ನೋಡದ ಬರಹದ ಬದಿಯಲ್ಲಿ. ಹೆಂಡರ್ಸನ್ 1921ರಲ್ಲಿ ಹೈದರ್-ಟಿಪ್ಪು ನಾಣ್ಯಗಳ ಮೇಲೆ ಬರೆದ ಪುಸ್ತಕ, ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದದ್ದು, ನ್ಯೂಮಿಸ್ಟಾದಂಥ ಪುಕ್ಕಟೆ ಪಟ್ಟಿಗಳು, ಇಷ್ಟು ಜೊತೆಗಿದ್ದರೆ ಪಾರ್ಸಿ ಬಾರದವರೂ ಅಕ್ಷರದ ಆಕಾರ ಹೋಲಿಸಿ ಊರು ಗುರುತಿಸಬಹುದು.

ಗುರುತು ಸಿಕ್ಕಿತು, ಮಾರಬೇಕೆಂದೇ ಅನ್ನಿಸಿತು ಎನ್ನಿ. ಎರಡೂ ಬದಿಯ ಫೋಟೊ, ಅಂಚಿನದೂ ಒಂದು, ಹಗಲ ಬೆಳಕಿನಲ್ಲಿ ತೆಗೆಯಿರಿ. ತೂಕ, ಅಗಲ ಬರೆಯಿರಿ. ಹಿಂದೆ ಯಾರೋ ಉಜ್ಜಿದ್ದರೆ ಉಜ್ಜಿದೆ ಎಂದೇ ಬರೆಯಿರಿ, ಸರದಲ್ಲಿ ಪೋಣಿಸಲು ಕೊಂಡಿ ಬೆಸೆದಿದ್ದರೆ ಅದನ್ನೂ. ಈ ಲೋಕ ಚಿಕ್ಕದು, ಒಮ್ಮೆ ಮುಚ್ಚಿಟ್ಟವರಿಂದ ಮತ್ತೆ ಯಾರೂ ಕೊಳ್ಳುವುದಿಲ್ಲ. ‘ನಿಮ್ಮ ನಾಣ್ಯಕ್ಕೆ ಹತ್ತು ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂದು ರಿಸರ್ವ್ ಬ್ಯಾಂಕಿನ ಮುದ್ರೆಯ ಪತ್ರ ಬಂದರೆ ಅಳಿಸಿಹಾಕಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಒತ್ತಬೇಕಿಲ್ಲ, ಇದೂ ನೆನಪಿರಲಿ.

ಕಾನೂನಿನದೂ ಒಂದು ಮಾತಿದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು, ಅಂಚೆಯಲ್ಲಿ ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ಅಮೆರಿಕದಲ್ಲಿರುವ ಮಗ ಒಳ್ಳೆಯ ಗಿರಾಕಿ ಹುಡುಕಿದ್ದರೂ. ಪಾಯ ತೋಡುವಾಗ, ಹೊಲ ಉಳುವಾಗ ಮಣ್ಣಿನಿಂದ ಬಂದ ನಿಧಿಯ ವಿಷಯ ಮತ್ತೂ ಗಟ್ಟಿ. ನಿಧಿ ಕಾಯ್ದೆಯ ಪ್ರಕಾರ ಅಂಥದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆದ ಹೊಯ್ಸಳ ವಿಷ್ಣುವರ್ಧನನ ಗದ್ಯಾಣ ಅಕ್ಕಸಾಲಿಗರ ಮೂಸೆಯಲ್ಲಿ ಕರಗಿದರೆ ಉಳಿಯುವುದು ಕೆಲವೇ ಗ್ರಾಂ ಚಿನ್ನ. ನಿಮ್ಮೂರಲ್ಲಿ ಮಡಕೆ ಸಿಕ್ಕಿತೆಂದು ಗುಸುಗುಸು ಕೇಳಿದರೆ, ಕಾಸುಗಳು ಚದುರುವ ಮುಂಚೆ ತಹಸೀಲ್ದಾರರ ಕಚೇರಿಗೆ ಒಂದು ಮಾತು ಮುಟ್ಟಿಸಿ.