ಆಯಿಯ ಬ್ಯಾಕಪ್

ಎಳ್ಳಮಾಸಿಗೆ ಊರಿಗೆ ಹೊರಟಾಗ ಅವ್ವ ಫೋನ್ ಮಾಡಿದಳು. "ಬರೂ ಮುಂದ ಕಲಬುರಗಿ ಮಾರ್ಕೆಟ್‌ನಾಗ ಹಸಿ ಬಟಾಣಿ, ಹಸಿ ಕಡ್ಲಿ, ಮೆಂತ್ಯಾ ತಗೊಂಡ ಬಾ. ಭಜ್ಜಿಗಿ ಬೇಕು."

ನಮ್ಮ ಕಡೆಯವರಿಗೆ ಈ ಮಾತಿನ ನಾಚಿಕೆ ಗೊತ್ತಾಗುತ್ತೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಜೊತೆ ಭಜ್ಜಿ ಉಣ್ತೀವಿ. ಇದು ಬೆಂಗಳೂರಿನ ಎಣ್ಣೆ ಭಜ್ಜಿ ಅಲ್ಲ. ಆ ಹೊತ್ತಿಗೆ ಹೊಲದಲ್ಲಿ ಇರೋ ಹಸಿ ಕಾಳು, ಸೊಪ್ಪು ಎಲ್ಲ ಹಾಕಿ ಕುದಿಸೋ ಪಲ್ಯ. ಅದಕ್ಕೆ ಮಾರ್ಕೆಟ್‌ನಿಂದ ಸಾಮಾನು ತರೋದು ಅಂದ್ರೆ ಹೊಲದಲ್ಲಿ ಏನೂ ಇಲ್ಲ ಅಂತ.

ಇಲ್ಲದ ಹಾಗೆ ಮಾಡಿದವನು ನಾನೇ.

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ತು. ನಾನು ಬೆಂಗಳೂರಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ಆಳಂದ ತಾಲ್ಲೂಕಿನ ನಮ್ಮ ಆರೂ ಎಕರೆಗೆ ತೊಗರಿಯೇ ಲಾಭ ಅಂತ ಬಂತು. ಹಿಂಗಾರಿ ಜ್ವಾಳ, ಅಕ್ಕಡಿ ಸಾಲಿನ ಕಡ್ಲಿ, ಅಗಸಿ, ದನ ನುಗ್ಗದ ಹಾಗೆ ಅಂಚಿಗೆ ಬಿತ್ತೋ ಮುಳ್ಳಿನ ಕುಸುಬಿ, ಎಲ್ಲ ಬಂದ್. ಆಯಿ ಕೇಳಿದ್ದು ಒಂದೇ: "ಮಳಿ ನಿನ್ನ ಮಾತ ಕೇಳ್ತದೇನು ತಮ್ಮಾ?"

ಕೇಳಲಿಲ್ಲ. 2020ರ ಅಕ್ಟೋಬರ್ ಮಳೆಗೆ ನಮ್ಮ ತೊಗರಿ ಬುಡದಲ್ಲಿ ನೀರು ನಿಂತು ಕೊಳೀತು. ನಮ್ಮ ಅಮರ್ಜಾ ಹೊಳೆ ಗಾಣಗಾಪುರದ ಹತ್ರ ಭೀಮಾ ಸೇರುತ್ತೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ, ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳು ಮುಳುಗಿದವು. ಆಯಿ ಒಬ್ಬ ಮಗಳನ್ನ ಅಫಜಲಪುರ ಕಡೆ, ಇನ್ನೊಬ್ಬಳನ್ನ ಜೇವರ್ಗಿ ಕಡೆ ಕೊಟ್ಟಿದಾಳೆ. ಇಬ್ಬರ ಮನೆಯಲ್ಲೂ ಬಿತ್ತನೆ ಕಾಳು ನೆನೆದು ಹಾಳಾಗಿತ್ತು.

ಆಯಿ ಹತ್ರ ಹಿಂದಿನ ಸುಗ್ಗಿಯ ಬೀಜ ಇತ್ತು. ಬೂದಿ, ಬೇವಿನ ಸೊಪ್ಪು ಬೆರೆಸಿ ಗಡಿಗೆಯಲ್ಲಿ ಇಟ್ಟಿದ್ದು. ನೀರು ಇಳಿದ ಮೇಲೆ ಅಷ್ಟನ್ನೂ ಇಬ್ಬರಿಗೂ ಹಂಚಿದಳು. ಹಸಿ ಹಿಡಿದ ಎರಿ ಮಣ್ಣಲ್ಲಿ ಜ್ವಾಳ ಎದ್ದು ಬಂತು. ನಮ್ಮ ಗಡಿಗೆ ಮಾತ್ರ ಖಾಲಿಯೇ ಉಳೀತು. ತುಂಬೋಕೆ ನಾನು ಬೆಳೆದಿದ್ರೆ ತಾನೇ?

2022ರಲ್ಲಿ ತೊಗರಿಗೆ ನೆಟೆ ರೋಗ ಬಂತು. ಅದರ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತೆ. ತೊಗರಿ ಮೇಲೆ ತೊಗರಿ ಬಿತ್ತಿದಷ್ಟೂ ಬಲಿಯುತ್ತೆ. ಜೊತೆಗೆ ಜ್ವಾಳ ಇದ್ರೆ ಹಾವಳಿ ಕಡಿಮೆ ಅಂತ ವಿಜ್ಞಾನಿಗಳೂ ಹೇಳ್ತಾರೆ. ಒಳ್ಳೆ ವರ್ಷದಲ್ಲಿ ತೊಗರಿಯೇ ಹೆಚ್ಚು ದುಡ್ಡು ಕೊಡುತ್ತೆ, ಅದು ಸುಳ್ಳಲ್ಲ. ನನ್ನ ಶೀಟಲ್ಲಿ ಕೆಟ್ಟ ವರ್ಷಕ್ಕೆ ಕಾಲಮ್ಮೇ ಇರಲಿಲ್ಲ.

ನಮ್ಮ ಆಫೀಸಿನಲ್ಲಿ ಡೇಟಾನ ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿ ಇಡ್ತೀವಿ, ಒಂದು ಮುಳುಗಿದ್ರೆ ಇನ್ನೊಂದು ಇರಲಿ ಅಂತ. ಹೆಣ್ಣುಮಕ್ಕಳು ತವರಿಂದ ಹೊರಟಾಗ ಆಯಿ ಉಡಿ ತುಂಬಿ, ಜೊತೆಗೆ ಒಂದೊಂದು ಸೇರು ಬೀಜ ಕಟ್ಟಿ ಕಳಿಸ್ತಿದ್ದಳು. ನಾನು ಅದನ್ನ ಬರೀ ಪ್ರೀತಿ ಅಂದ್ಕೊಂಡಿದ್ದೆ.

ಈ ಸಲ ಹೊಲಕ್ಕೆ ಅಫಜಲಪುರದ ಅತ್ತಿ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಆಯಿ ಮುಂದೆ ಜ್ವಾಳ, ಕಡ್ಲಿ, ಕುಸುಬಿ ಇಟ್ಟಳು. "ನಿಂದೇ ಅದ ಅವ್ವಾ, ತಗೋ."

ಆಯಿ ನನ್ನ ಕಡೆ ನೋಡಿದಳು. "ಬರೂ ಹಿಂಗಾರಿಗಿ ಒಂದ ಎಕರೆ ಬಿಡ್ತಿಯೇನು?"

"ಎರಡು ಬಿಡ್ತೀನಿ ಆಯಿ."

"ಮೊದಲ ಒಂದ ಮಾಡು," ಅಂದು, ಮಾರ್ಕೆಟ್ ಬಟಾಣಿಯ ಭಜ್ಜಿಗೆ ರೊಟ್ಟಿ ಮುರಿದಳು.