ಭಾಷೆ ತಿಳಿಯದ ಹಾಡುಗಳು

ನನಗೆ ಹಾಡೆಂದರೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ಈಗ ಆ ಪಟ್ಟಿಗೆ ಕೆಲವು ಪರದೇಶದ ಹಾಡುಗಳೂ ಸೇರಿವೆ ಎಂದರೆ ನಗಬೇಡಿ! ಇದಕ್ಕೆ ಕಾರಣ ನಮ್ಮ ಹಿರಿಮಗಳು. ಮದುವೆಯಾಗಿ ಜರ್ಮನಿಗೆ ಹೋದವಳು ಪ್ರತಿವರ್ಷ ಮೇ ತಿಂಗಳಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ನೋಡುತ್ತಾಳೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದರೆ ನಮಗೆ ಹನ್ನೆರಡೂವರೆ. "ಅಮ್ಮಾ, ಬೆಳಿಗ್ಗೆ ಎದ್ದು ಕೇಳು" ಎಂದು ಫೋನಿಗೆ ಕಳಿಸುತ್ತಾಳೆ. ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ನನ್ನದು ಒಂದೆರಡು ಹಾಡು ಮುಗಿದಿರುತ್ತದೆ.

ಈ ಸ್ಪರ್ಧೆ ಮೊದಲು ನಡೆದದ್ದು 1956ರಲ್ಲಿ, ಸ್ವಿಟ್ಜರ್‌ಲೆಂಡಿನ ಲುಗಾನೊದಲ್ಲಿ. ಆಗ ಇದ್ದದ್ದು ಏಳೇ ದೇಶ. ಈಗ ದೇಶಕ್ಕೊಂದು ಹಾಡು, ಮೂರು ನಿಮಿಷ ಮೀರುವಂತಿಲ್ಲ. ತಮ್ಮ ದೇಶಕ್ಕೆ ತಾವೇ ಅಂಕ ಕೊಡುವಂತಿಲ್ಲ. ಬಹಳ ಮೆಚ್ಚಿದ ಹಾಡಿಗೆ ಹನ್ನೆರಡು ಅಂಕ. ನಮ್ಮ ಮನೆಯವರಿಗೆ ಗೊತ್ತಿರುವುದು 1974ರಲ್ಲಿ ಸ್ವೀಡನ್ನಿಗೆ ಗೆದ್ದುಕೊಟ್ಟ ಆಬ್ಬಾ ತಂಡ ಮಾತ್ರ!

ನನಗೆ ಮೊದಲು ಹಿಡಿಸಿದವರು ರಷ್ಯಾದ ಬುರಾನೊವೊ ಎಂಬ ಹಳ್ಳಿಯ ಅಜ್ಜಿಯರು. 2012ರಲ್ಲಿ ಬಾಕು ನಗರದ ವೇದಿಕೆಗೆ ತಲೆಗೆ ವಸ್ತ್ರ ಕಟ್ಟಿಕೊಂಡು ಬಂದರು. ಹಿಂದೆ ಒಂದು ಒಲೆ! ತಮ್ಮ ಉದ್ಮುರ್ತ್ ಭಾಷೆಯಲ್ಲಿ ಹಾಡುತ್ತಾ, ನಡುವೆ ಒಂದಿಷ್ಟು ಇಂಗ್ಲಿಷನ್ನೂ ಸೇರಿಸಿ ಕುಣಿದರು. ಊರಿನ ಚರ್ಚನ್ನು ಮತ್ತೆ ಕಟ್ಟಿಸಬೇಕೆಂಬುದು ಅವರ ಆಸೆ. ಎರಡನೆಯ ಸ್ಥಾನ ಬಂತು. ಒಲೆಯ ಮುಂದೆ ಹಾಡುವುದು ನಮಗೇನು ಹೊಸದೇ, ನೀವೇ ಹೇಳಿ?

ಆದರೆ ನನ್ನ ಹನ್ನೆರಡು ಅಂಕ 2017ರಲ್ಲಿ ಗೆದ್ದ ಪೋರ್ಚುಗಲ್ಲಿನ ಹಾಡಿಗೆ. ಹಾಡಿದವನು ಸಾಲ್ವಡಾರ್ ಸೋಬ್ರಾಲ್, ಬರೆದು ರಾಗ ಹಾಕಿದವಳು ಅಕ್ಕ ಲುಯೀಸಾ. ಬೆಂಕಿಯಿಲ್ಲ, ಕುಣಿತವಿಲ್ಲ, ಮೈಕಿನ ಮುಂದೆ ಅವನೊಬ್ಬನೇ. 1964ರಿಂದ ಸ್ಪರ್ಧೆಗೆ ಬರುತ್ತಿದ್ದ ದೇಶಕ್ಕೆ ಅದೇ ಮೊದಲ ಗೆಲುವು, 758 ಅಂಕಗಳು! ಆ ಹುಡುಗನಿಗೆ ಹೃದಯದ ಕಾಯಿಲೆಯಿತ್ತಂತೆ. ಕೀವ್‌ನಲ್ಲಿ ಮೊದಮೊದಲ ಅಭ್ಯಾಸಕ್ಕೆ ಅವನು ಬರಲಾಗದಿದ್ದಾಗ ಅಕ್ಕನೇ ಅವನ ಜಾಗದಲ್ಲಿ ನಿಂತು ಹಾಡಿದಳು. ಗೆದ್ದ ಮೇಲೆ ಇಬ್ಬರೂ ಸೇರಿ ಹಾಡಿದರು. ಅದೇ ಡಿಸೆಂಬರಿನಲ್ಲಿ ಅವನಿಗೆ ಬೇರೆ ಹೃದಯ ಜೋಡಿಸಿದರು.

ಮಗಳು ಇದನ್ನೆಲ್ಲ ಹೇಳಿದಾಗ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನನಗೂ ಒಬ್ಬ ತಮ್ಮನಿದ್ದಾನೆ. ಅಪ್ಪನ ಮನೆ ಮಾರುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಎರಡು ವರ್ಷ ನಾವು ಮಾತಾಡಿರಲಿಲ್ಲ. ನಡುವೆ ಅವನಿಗೆ ಆಪರೇಷನ್ ಆಯಿತೆಂದು ಬೇರೆಯವರಿಂದ ತಿಳಿದೂ ನಾನು ಹೋಗಲಿಲ್ಲ. 'ಅವನೇ ಹೇಳಲಿ' ಎಂಬ ಹಟ. ಅಲ್ಲೊಬ್ಬ ಅಕ್ಕ ತಮ್ಮನ ಜಾಗದಲ್ಲಿ ನಿಂತಳು. ನಾನು ಅವನ ಹಾಸಿಗೆಯ ಪಕ್ಕದಲ್ಲೂ ನಿಲ್ಲಲಿಲ್ಲ.

ಅವತ್ತೇ ಸಂಜೆ ಫೋನ್ ಮಾಡಿದೆ. "ಏನಕ್ಕಾ?" ಎಂದ. ಯೋಚಿಸಿಟ್ಟುಕೊಂಡ ಮಾತೆಲ್ಲ ಮರೆತು, "ಊಟಕ್ಕೆ ಏನು ಮಾಡಿದಾರೋ?" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನೀನು ಮಾಡೋ ಹುಳಿ ತಿಂದು ಬಹಳ ದಿನ ಆಯ್ತು" ಎಂದ.

ಮನೆಯ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಆ ವರ್ಷ ಪಂಚಮಿಗೆ ಅವನು ಬಂದ. ಬೆನ್ನಿಗೆ ಹಾಲು ಹಚ್ಚಿ, "ತಣ್ಣಗಿರಪ್ಪಾ" ಎನ್ನುವಾಗ ನನ್ನ ಗಂಟಲು ಕಟ್ಟಿತು. ಪೋರ್ಚುಗೀಸ್ ನನಗೆ ಒಂದಕ್ಷರವೂ ಬಾರದು. ಆದರೂ ಆ ಹಾಡು ನನಗೆ ಅರ್ಥವಾಗಿದೆ.