ಬಂಡೆಯ ಆಚೆ ಒಂದು ಉಸಿರು

ಕೊಳವೆಬಾವಿಯೊಳಗೆ ಇಳಿಸಿದ ಕ್ಯಾಮೆರಾದಲ್ಲಿ ಪುಟ್ಟ ಕಾಲು ಅಲುಗಾಡಿತು. ಜೀವ ಇದೆ! 2024ರ ಏಪ್ರಿಲ್ 3, ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣ. ಸಂಜೆ ಆಟವಾಡುತ್ತಿದ್ದ ಮಗು, ಹೊಸದಾಗಿ ಕೊರೆದು ಬಾಯಿ ಮುಚ್ಚದಿದ್ದ ಬೋರ್‌ಗೆ ಜಾರಿ, ಹದಿನಾರು ಅಡಿ ಆಸುಪಾಸಿನಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು.

ಪೈಪಿನಲ್ಲಿ ಆಮ್ಲಜನಕ ಬಿಟ್ಟರು. ಹಿಡಿತ ತಪ್ಪಿದರೆ ಕೆಳಗೆ ಬರೀ ಕತ್ತಲು. ಪಕ್ಕದಲ್ಲೇ ಜೆಸಿಬಿ ಹಚ್ಚಿ ಇಪ್ಪತ್ತು ಅಡಿ ಗುಂಡಿ ತೋಡಿದರು. ರಾತ್ರಿಯಿಡೀ ಅಗೆತ. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್ ಪಡೆಗಳು ಬಂದವು. ಗುಂಡಿಯ ತಳದಿಂದ ಮಗುವಿನ ಕಡೆಗೆ ಅಡ್ಡಲಾಗಿ ಕೊರೆಯಹೋದರೆ ಎದುರಿಗೆ ಬಂಡೆ! ಜೋರಾಗಿ ಒಡೆದರೆ ಕಂಪನಕ್ಕೆ ಮಣ್ಣು ಉದುರೀತು, ಮಗು ಇನ್ನೂ ಕೆಳಕ್ಕೆ ಜಾರೀತು. ತಡವಾದರೆ ಉಸಿರು ನಿಂತೀತು. ಚೂರುಚೂರೇ ಕೆತ್ತಿದರು. ಬೆಳಗಾಯಿತು, ಬಿಸಿಲೇರಿತು. ಸುಮಾರು 20 ಗಂಟೆಗಳ ಬಳಿಕ ಮಗು ಜೀವಂತವಾಗಿ ಕೈಗೆ ಬಂತು, ಆಂಬುಲೆನ್ಸ್ ಓಡಿತು.

ಬಾಗಲಕೋಟೆಯ ಸೂಳಿಕೇರಿಯಲ್ಲಿ 2014ರಲ್ಲಿ, ಅಥಣಿಯ ಝುಂಜರವಾಡದಲ್ಲಿ 2017ರಲ್ಲಿ ಇಂಥದೇ ಹೋರಾಟ ಸೋತಿತ್ತು.

ಇಂಥ ಬಾವಿಗಳನ್ನು ಮೊದಲೇ ಸರಿಯಾಗಿ ಮುಚ್ಚಿದರೆ ಈ ಹೋರಾಟವೇ ಬೇಡ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಸಾವಿರ ಅಡಿ ಕೊರೆದರೂ ಬರೀ ದೂಳೆಬ್ಬಿಸಿದ ಬೋರ್‌ಗಳಿಗೆ ಕೊರತೆಯಿಲ್ಲ. ಬಾಯಿಗೆ ಗೋಣಿಚೀಲ ತುರುಕಿ ಚಪ್ಪಡಿ ಎಳೆದರೆ ಮುಚ್ಚಿದಂತಾಯಿತೇ? ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಕಲ್ಲು, ಕೊರೆದ ಪುಡಿ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಎಷ್ಟು ಬೇಕು? ಆರೂವರೆ ಇಂಚಿನ ಬೋರ್ ಅಡಿಗೆ ಸುಮಾರು ಆರೂವರೆ ಲೀಟರ್ ಹಿಡಿಯುತ್ತದೆ. ಸಾವಿರ ಅಡಿಗೆ 230 ಘನ ಅಡಿ. ನೂರು ಘನ ಅಡಿಯ ಟ್ರ್ಯಾಕ್ಟರ್ ಲೋಡಾದರೆ ಎರಡೂವರೆಗೂ ಕಡಿಮೆ. ಇಷ್ಟಕ್ಕೆ ಜಿಪುಣತನ!

ಅಡಿಗೆ ಇಷ್ಟು ಲೀಟರ್ ಎಂಬ ಈ ಲೆಕ್ಕ ತೈಲಬಾವಿಗಳಲ್ಲೂ ಉಂಟು. ಅವನ್ನು ಮುಚ್ಚುವವರು ಬಾವಿಯಿಡೀ ತುಂಬುವುದಿಲ್ಲ, ಅಲ್ಲಲ್ಲಿ ಸಿಮೆಂಟಿನ ಬಿರಡೆ ಹಾಕುತ್ತಾರೆ. ಗಾರೆಯ ಒಟ್ಟು ಲೀಟರನ್ನು ಬಾವಿ ಅಡಿಗೆ ಹಿಡಿಯುವ ಲೀಟರಿನಿಂದ ಭಾಗಿಸಿದರೆ ಬಿರಡೆಯ ಉದ್ದ. ಆದರೆ ಗಾರೆ ಇಳಿಸಿದ ಪೈಪು ಒಳಗಿರುವಾಗ ಮಟ್ಟ ಮೇಲಿರುತ್ತದೆ. ಪೈಪು ಎಳೆದೊಡನೆ ಅದರ ಜಾಗ ತುಂಬಲು ಕೆಳಗಿಳಿಯುತ್ತದೆ. ಇದನ್ನು ಮರೆತವನ ಬಿರಡೆ ಗಿಡ್ಡ. ನಮ್ಮ ಆರೂವರೆ ಇಂಚಿನ ಬೋರ್‌ನಲ್ಲಿ 50 ಕೆಜಿ ಸಿಮೆಂಟ್ ಮೂಟೆಯ ಗಾರೆ ತುಂಬುವುದು ಸುಮಾರು ಆರಡಿ ಮಾತ್ರ. ಕಲ್ಲಿನ ಬಿರುಕುಗಳು ಕುಡಿಯುವುದು ಬೇರೆ.

ಮಣ್ಣಿನದೂ ಅದೇ ಕತೆ. ಒಮ್ಮೆಲೇ ಸುರಿದರೆ ನಡುವೆ ಸಿಕ್ಕಿ, ಅಡಿಯಲ್ಲಿ ಟೊಳ್ಳು ಉಳಿದು, ಮಳೆಗೆ ಧೊಪ್ಪನೆ ಕುಸಿಯುತ್ತದೆ. ಲೆಕ್ಕದ ಲೋಡು ಮುಗಿಯುವ ಮೊದಲೇ ಬೋರ್ ತುಂಬಿ ಮಣ್ಣು ಮಿಕ್ಕಿತೋ, ಒಳಗೆಲ್ಲೋ ಕಟ್ಟಿಕೊಂಡಿದೆ ಎಂದೇ ಅರ್ಥ; ಬಿಡಿಸಿ ಮತ್ತೆ ತುಂಬಬೇಕು.